ಅವಳು, ಅವನು, ಅವು

ನಮ್ಮ ನಾಯಿ ಕಾಳಿ ಒಬ್ಬಳೇ ಇದ್ದಾಗ ಮನೆಯಲ್ಲಿ ಯಾರೂ ಅವಳನ್ನು 'ಅದು' ಅನ್ನುತ್ತಿರಲಿಲ್ಲ. 'ಅವಳು ಊಟ ಮಾಡಿದಳಾ?', 'ಅವಳಿಗೆ ಇವತ್ತು ಯಾಕೋ ಬೇಜಾರು', 'ಅವಳೊಬ್ಬಳನ್ನೇ ಬಿಟ್ಟು ಮದುವೆಗೆ ಹೋಗೋದು ಹೇಗೆ?'. ಕೊರಿಯರ್ ಹುಡುಗ ಗೇಟಿನ ಆಚೆ ನಿಂತು 'ಮೇಡಂ, ಅದು ಕಚ್ಚುತ್ತಾ?' ಅಂತ ಕೇಳಿದರೆ ನನಗೆ ಒಳಗೊಳಗೇ ಚುಚ್ಚಿದ ಹಾಗೆ ಆಗುತ್ತಿತ್ತು.

ನಾಲ್ಕು ವರ್ಷ ಹೀಗೇ ನಡೆಯಿತು. ಆಮೇಲೆ ಚಿಗರಿ ಬಂದ. ಅವನು ಬಂದು ಎರಡು ವಾರ ಆಗಿರಬಹುದು, ಒಂದು ಸಂಜೆ ನಮ್ಮವರು ಆಫೀಸಿನಿಂದ ಬಂದು ಬಾಗಿಲಲ್ಲಿ ಶೂ ಬಿಚ್ಚುತ್ತಾ 'ಅವು ಊಟ ಮಾಡಿದವಾ?' ಅಂದರು. ನಾನು 'ಹ್ಞೂ, ಮಾಡಿದವು' ಅಂದೆ. ಅಂದ ಮೇಲೆ ಕಿವಿಗೆ ಬಿತ್ತು. ಅವಳು, ಅವನು ಸೇರಿದರೆ 'ಅವರು' ಆಗಬೇಕಲ್ವಾ? ನಮ್ಮ ಬಾಯಲ್ಲಿ ತಾನಾಗೇ 'ಅವು' ಅಂತ ಬಂದಿತ್ತು. ಆ ರಾತ್ರಿ ನನಗೆ ಸಮಾಧಾನವಿರಲಿಲ್ಲ. ನಾಲ್ಕು ವರ್ಷ ಮಗಳ ಹಾಗೆ ನೋಡಿಕೊಂಡವಳನ್ನು ಒಂದೇ ಮಾತಿನಲ್ಲಿ ಕೆಳಗಿಳಿಸಿಬಿಟ್ಟೆನಲ್ಲ ಅನ್ನಿಸಿತು. ಈಗ ಎರಡೂವರೆ ವರ್ಷ ಕಳೆದಿದೆ. ಆ 'ಅವು' ಬಗ್ಗೆ ನನ್ನ ಮನಸ್ಸು ಪೂರ್ತಿ ಬದಲಾಗಿದೆ. ಹೇಗೆ ಬದಲಾಯಿತು ಅಂತ ಬರೆಯೋಣ ಅನ್ನಿಸಿತು.

ಕಾಳಿ ಬಂದಿದ್ದು ಮಗಳು ಇಂಜಿನಿಯರಿಂಗ್ ಓದೋಕೆ ಹಾಸ್ಟೆಲಿಗೆ ಹೋದ ವರ್ಷ. ನಮ್ಮ ಮನೆ ಮೈಸೂರಿನ ಬೋಗಾದಿ ಕಡೆ. ಎದುರು ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದರು, ಅಲ್ಲಿನ ಮರಳು ರಾಶಿ ಹಿಂದೆ ಒಂದು ಬೀದಿ ನಾಯಿ ಐದು ಮರಿ ಹಾಕಿತ್ತು. ಒಂದೇ ವಾರದಲ್ಲಿ ಮೂರು ಮರಿ ವಾಂತಿ, ರಕ್ತಭೇದಿ ಆಗಿ ಸತ್ತವು. ಪಾರ್ವೊ. ಲಸಿಕೆ ಬೀಳದ ಮರಿಗಳಿಗೆ ಅದು ಬಂದರೆ ಎರಡು ಮೂರು ದಿನ ಅಷ್ಟೇ. ಉಳಿದ ಎರಡರಲ್ಲಿ ಒಂದನ್ನು ಮೇಸ್ತ್ರಿ ತಗೊಂಡು ಹೋದ. ಇನ್ನೊಂದು, ಕಪ್ಪು ಮರಿ, ಜೋರು ಮಳೆ ಬಂದ ರಾತ್ರಿ ನಮ್ಮ ಗೇಟಿನ ಕೆಳಗೆ ನುಸುಳಿ ಒಳಗೆ ಬಂದಿತ್ತು. ಬೆಳಗ್ಗೆ ನೋಡಿದರೆ ಚಪ್ಪಲಿ ಸ್ಟ್ಯಾಂಡಿನ ಕೆಳಗೆ, ನನ್ನ ಹವಾಯಿ ಚಪ್ಪಲಿ ಮೇಲೆ ಗದ್ದ ಇಟ್ಟುಕೊಂಡು ನಿದ್ದೆ ಹೊಡೆಯುತ್ತಿತ್ತು. ಹೊಟ್ಟೆ ಊದಿಕೊಂಡಿತ್ತು, ಜಂತುಹುಳ. ಕಿವಿ ತುಂಬ ಉಣ್ಣೆ.

ನಮ್ಮ ಅತ್ತೆ ಜಮಖಂಡಿಯವರು. ನಾಯಿ ಅಂದರೆ ಪ್ರೀತಿ ಇದೆ, ಆದರೆ ನಾಯಿ ಇರುವ ಜಾಗ ಅಂಗಳ ಅಂತ ಅವರ ಲೆಕ್ಕ. "ಪಡಸಾಲಿ ತನಕ ಬರ್ಲಿ, ಅಡಗಿಮನಿಗೆ ಮಾತ್ರ ಬ್ಯಾಡ ನೋಡವಾ" ಅಂದರು. ನಾನು ಒಪ್ಪಿದೆ. ಇವತ್ತಿಗೂ ಕಾಳಿ ಅಡುಗೆಮನೆ ಹೊಸ್ತಿಲು ದಾಟುವುದಿಲ್ಲ. ಹೊಸ್ತಿಲ ಮೇಲೆ ಎರಡು ಮುಂಗಾಲು ಇಟ್ಟು ಮಲಗುತ್ತಾಳೆ, ಅದಕ್ಕಿಂತ ಒಂದು ಇಂಚು ಮುಂದೆ ಬರುವುದಿಲ್ಲ. ಅತ್ತೆ ದೇವರಿಗೆ ಶಿರಾ ನೈವೇದ್ಯ ಮಾಡಿದ ದಿನ ಒಂದು ಚಮಚ ಅವಳಿಗೂ ಇದೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತದೆ ಅಂತ ನಾನು ಒಂದೇ ಒಂದು ಸಲ ಹೇಳಿದ್ದೆ. ಆಮೇಲೆ ಅತ್ತೆ ಕನ್ನಡಕ ಹಾಕಿಕೊಂಡು, ಬೆರಳಲ್ಲಿ ಶಿರಾ ಹರಡಿ, ಒಂದೊಂದೇ ಒಣದ್ರಾಕ್ಷಿ ಹುಡುಕಿ ತೆಗೆದು, ಇಲ್ಲ ಅಂತ ಎರಡು ಸಲ ನೋಡಿಕೊಂಡು ಕೈ ಚಾಚುವುದನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಕಾಳಿಯೂ ಅಷ್ಟು ಹೊತ್ತು ಕಾಯುತ್ತಾಳೆ.

ಮಗಳಿಲ್ಲದ ಮನೆಯಲ್ಲಿ ನಾನು ಕಾಳಿ ಹತ್ತಿರ ದಿನವಿಡೀ ಮಾತಾಡುತ್ತಿದ್ದೆ. ಕರೆಂಟ್ ಹೋಯ್ತು ನೋಡು, ಹಾಲು ಒಡೆದುಹೋಯ್ತು ನೋಡು, ನಿಮ್ಮಕ್ಕ ಇವತ್ತೂ ಫೋನ್ ಮಾಡಲಿಲ್ಲ ನೋಡು. ಅವಳು ತಲೆ ವಾಲಿಸಿ ಕೇಳುತ್ತಿದ್ದಳು. ನಾನು ಅತ್ತರೆ ಬಂದು ಮೊಣಕಾಲಿಗೆ ಒರಗುತ್ತಿದ್ದಳು. ಅವಳಿಗೆ ಎಲ್ಲ ಅರ್ಥವಾಗುತ್ತದೆ ಅಂತ ನಾನು ನಂಬಿದ್ದೆ, ಬಂದವರಿಗೆಲ್ಲ ಹೇಳುತ್ತಲೂ ಇದ್ದೆ. ಅದು ಸುಳ್ಳಲ್ಲ. ಆದರೆ ಅವಳು ಯಾವಾಗಲೂ ನನ್ನ ಕಡೆಗೇ ನೋಡುತ್ತಿದ್ದಳು, ಏಕೆಂದರೆ ನೋಡೋಕೆ ಬೇರೆ ಯಾರೂ ಇರಲಿಲ್ಲ. ಇದು ನನಗೆ ಆಗ ಹೊಳೆದಿರಲಿಲ್ಲ.

ಚಿಗರಿ ಮುಧೋಳ ನಾಯಿ. ಅತ್ತೆಯ ತಮ್ಮ ಮುಧೋಳದ ಹತ್ತಿರದ ಹಳ್ಳಿಯಲ್ಲಿ ಹೊಲ ಮಾಡಿಕೊಂಡು ನಾಲ್ಕೈದು ನಾಯಿ ಸಾಕಿದ್ದಾರೆ. ಆ ಸೂಲಿನ ಮರಿಗಳಲ್ಲಿ ಇದರ ಮುಂಗಾಲು ಸ್ವಲ್ಪ ಸೊಟ್ಟ ಇತ್ತು, ಕೊಳ್ಳೋಕೆ ಬಂದವರು ಎತ್ತಿ ನೋಡಿ ಕೆಳಗಿಡುತ್ತಿದ್ದರಂತೆ. ಬಾದಾಮಿಗೆ ಹೋಗಿದ್ದವರು ಅಲ್ಲಿಗೂ ಹೋಗಿ ಬಂದೆವು, ಬರುವಾಗ ಕಾರಿನಲ್ಲಿ ಮರಿ ಇತ್ತು. ಆ ಕಡೆ ಕೃಷ್ಣಮೃಗಕ್ಕೆ ಚಿಗರಿ ಅಂತಾರೆ. ಮರಿ ಹಾರುವ ರೀತಿ ನೋಡಿ ಮಗಳು ಆ ಹೆಸರಿಟ್ಟಳು. ಅತ್ತೆಯ ತಮ್ಮನಿಗೆ ಫೋನಿನಲ್ಲಿ ಹೇಳಿದರೆ "ಚಿಗರಿ ಹಿಡಿಯೋ ನಾಯಿಗೆ ಚಿಗರಿ ಅಂತ ಯಾರ್ ಹೆಸ್ರು ಇಡ್ತಾರವಾ!" ಅಂತ ನಕ್ಕರು.

ಮುಧೋಳ ನಾಯಿ ಬಗ್ಗೆ ಅವರು ಹೇಳುತ್ತಾ ಹೋದರೆ ರಾತ್ರಿ ಸಾಲುವುದಿಲ್ಲ. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಜೋಪಾನ ಮಾಡಿದ್ದು, ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕೊಟ್ಟಿದ್ದು, 2005ರಲ್ಲಿ ಅಂಚೆ ಇಲಾಖೆ ಚೀಟಿ ತಂದಿದ್ದು, ಸೇನೆಯವರು ಮರಿಗಳನ್ನು ಮೀರತ್‌ಗೆ ಕರೆದುಕೊಂಡು ಹೋಗಿ ತರಬೇತಿ ಕೊಟ್ಟಿದ್ದು, ಹತ್ತಿರದ ತಿಮ್ಮಾಪುರದಲ್ಲಿ ಈ ನಾಯಿಗಳಿಗಾಗಿಯೇ ಬೀದರ್ ಪಶು ವಿಶ್ವವಿದ್ಯಾಲಯದ ಕೇಂದ್ರ ಇರುವುದು. ಊರಿನ ಹೆಮ್ಮೆ ಅದು. ಆದರೆ ಅವರು ನನ್ನ ಕೈಗೆ ಮರಿ ಕೊಡುವಾಗ ಹೇಳಿದ್ದು ಇದ್ಯಾವುದನ್ನೂ ಅಲ್ಲ. "ಇದಕ್ಕ ಕೊಬ್ಬು ಇರೂದಿಲ್ಲ, ಎಲಬು ನೆಲಕ್ಕ ಹತ್ತತಾವ. ಮೆತ್ತಗ ಹಾಸಿ ಮಲಗಸ್ರಿ. ಮತ್ತ ಬೈಬ್ಯಾಡ್ರಿ, ಮನಸ್ಸಿಗೆ ಹಚ್ಚಿಕೋತದ" ಅಂದರು. ಎರಡೂ ನಿಜ. ಹಳೆಯ ರಗ್ಗು ನಾಲ್ಕು ಮಡಿಕೆ ಹಾಕಿ ಕೊಟ್ಟಿದ್ದೇವೆ. ಜೋರಾಗಿ ಮಾತಾಡಿದರೆ ಎದ್ದು ಬೇರೆ ಕೋಣೆಗೆ ಹೋಗಿಬಿಡುತ್ತಾನೆ.

ಬೆಳಗ್ಗೆ 5.45ಕ್ಕೆ ಹೊರಡುತ್ತೇವೆ. ಎಡಗೈಯಲ್ಲಿ ಕಾಳಿ, ಬಲಗೈಯಲ್ಲಿ ಚಿಗರಿ.

ನಾಯಿ ಅಂದರೆ ಮೂಗು ಅಂತ ನಾನು ಅಂದುಕೊಂಡಿದ್ದೆ. ಕಾಳಿ ಹಾಗೆಯೇ. ಮನುಷ್ಯರ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು 50-60 ಲಕ್ಷ ಇದ್ದರೆ ನಾಯಿಗೆ 20 ಕೋಟಿಗೂ ಜಾಸ್ತಿ. ಅವಳಿಗೆ ಲೈಟ್ ಕಂಬ ಅಂದರೆ ದಿನಪತ್ರಿಕೆ. ಮೂಗು ನೆಲಕ್ಕೆ ಹಚ್ಚಿಕೊಂಡೇ ಹೋಗುತ್ತಾಳೆ, ಒಂದು ಕಡೆ ನಿಂತಳು ಅಂದರೆ ಪೂರ್ತಿ ಓದಿ ಮುಗಿಸುವ ತನಕ ಕದಲುವುದಿಲ್ಲ. ಚಿಗರಿ ಕಂಬದ ಕಡೆ ತಿರುಗಿಯೂ ನೋಡುವುದಿಲ್ಲ. ಅವನು ಕಣ್ಣಿನ ನಾಯಿ. ಉದ್ದ ಮುಖ, ಪಕ್ಕಕ್ಕಿರುವ ಕಣ್ಣು, ತಲೆ ಯಾವಾಗಲೂ ಮೇಲೆ. ರಸ್ತೆಯ ಆ ತುದಿಯಲ್ಲಿ ಒಂದು ಅಳಿಲು ಕಾಂಪೌಂಡ್ ಮೇಲೆ ಓಡಿದರೆ ನನಗೆ ಕಾಣುವ ಮೊದಲೇ ಹಗ್ಗ ಬಿಗಿಯಾಗುತ್ತದೆ. ಬಯಲು ಸೀಮೆಯಲ್ಲಿ ಮೊಲ, ಚಿಗರಿ ಬೆನ್ನಟ್ಟಿ ಬೆಳೆದ ತಳಿ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದು ಬೇಟೆ ನಿಂತರೂ ಕಣ್ಣು ಹಾಗೇ ಉಳಿದುಕೊಂಡಿದೆ.

ಹಾಗಾಗಿ ಒಂದು ಹಗ್ಗ ಹಿಂದಕ್ಕೆ ಎಳೆಯುತ್ತದೆ, ಇನ್ನೊಂದು ಮುಂದಕ್ಕೆ. ಒಂದೇ ರಸ್ತೆ, ಆದರೆ ಕಾಳಿ ನಡೆಯುವ ರಸ್ತೆ ನಿನ್ನೆ ರಾತ್ರಿಯದು, ಯಾರು ಬಂದು ಹೋದರು ಅನ್ನುವುದರದು. ಚಿಗರಿ ನಡೆಯುವ ರಸ್ತೆ ಈಗಿನದು, ಇನ್ನೂ ಅರ್ಧ ಫರ್ಲಾಂಗ್ ಮುಂದಿನದು. ಮಧ್ಯದಲ್ಲಿ ನಾನು, ನನಗೆ ಎರಡೂ ಕಾಣುವುದಿಲ್ಲ. ಮೊದಲ ಒಂದು ತಿಂಗಳು ರಾತ್ರಿ ತೋಳಿಗೆ ಮೂವ್ ಹಚ್ಚಿಕೊಂಡು ಮಲಗುತ್ತಿದ್ದೆ. ಅಷ್ಟರಲ್ಲಿ ಅವೇ ಒಂದು ದಾರಿ ಮಾಡಿಕೊಂಡವು. ಕಾಳಿ ಮೂಸುವಾಗ ಚಿಗರಿ ಅವಳಿಗೆ ಬೆನ್ನು ಹಾಕಿ ನಿಂತು ರಸ್ತೆ ಕಾಯುತ್ತಾನೆ. ಅವನು ಏನನ್ನೋ ನೋಡಿ ಮೈ ಬಿಗಿ ಮಾಡಿದರೆ ಅವಳು ತಟ್ಟನೆ ಮೂಗು ಮೇಲೆತ್ತಿ ಗಾಳಿ ಹಿಡಿಯುತ್ತಾಳೆ. ಅವನು ಕಂಡಿದ್ದನ್ನು ಅವಳು ಮೂಸಿ ನೋಡುತ್ತಾಳೆ. ಇದನ್ನು ನಾನು ಕಲಿಸಲಿಲ್ಲ. ಕಲಿಸೋಕೆ ನನಗೆ ಗೊತ್ತೂ ಇರಲಿಲ್ಲ.

ಕಾಳಿಯ ತಾಯಿ ಇನ್ನೂ ಅದೇ ಬೀದಿಯಲ್ಲಿದೆ. ಆಮೇಲೆ ಪಾಲಿಕೆಯವರು ಹಿಡಿದು ಆಪರೇಷನ್ ಮಾಡಿಸಿ ಬಿಟ್ಟರು, ಗುರುತಿಗೆ ಕಿವಿಯ ತುದಿಯಲ್ಲಿ ಕಚ್ಚು ಇದೆ. ಮೊದಲ ಸಲ ಇಬ್ಬರೂ ಎದುರಾದಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ತಾಯಿ ಮಗಳು ಗುರುತು ಹಿಡಿಯುತ್ತಾರೆ, ಮೈ ನೆಕ್ಕುತ್ತಾರೆ ಅಂತ ಕಾಯುತ್ತಾ ನಿಂತೆ. ಎರಡೂ ಹಲ್ಲು ತೋರಿಸಿದವು. ಅಷ್ಟೇ. ತಾಯಿ ತನ್ನ ಮೂಲೆ ಬಿಡಲಿಲ್ಲ, ಕಾಳಿ ರಸ್ತೆಯ ಆಚೆ ಬದಿಗೆ ಸರಿದು ನಡೆದಳು. ನನಗೆ ಆ ದಿನ ಊಟ ಸೇರಲಿಲ್ಲ. ಈಗ ಅನ್ನಿಸುತ್ತದೆ, ನಾನು ಕಾಯುತ್ತಿದ್ದ ತಾಯಿ ಮಗಳು ಬೇರೆ ಯಾರೋ. ಆ ಮೂಲೆ ಆ ನಾಯಿಯ ಅನ್ನ, ಅದರ ನಿದ್ದೆ, ಅದರ ಜೀವ. ಅದನ್ನು ಕಾಯುವುದು ಅದಕ್ಕೆ ಎಷ್ಟು ದೊಡ್ಡ ಕೆಲಸ ಅಂತ ಕಾಂಪೌಂಡಿನ ಒಳಗೆ ಮಲಗುವ ನಮಗೆ ಗೊತ್ತಾಗುವುದಾದರೂ ಹೇಗೆ?

ಅವುಗಳ ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಿತ್ತಲಲ್ಲಿ ಬೇರೆ ಸ್ಟವ್, ಬೇರೆ ಕುಕ್ಕರ್. ಅನ್ನ, ಸಿಹಿಗುಂಬಳ, ಕ್ಯಾರೆಟ್, ಕೋಳಿ, ಒಂದು ಚಿಟಿಕೆ ಅರಿಶಿನ. ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಅದು ನಾಯಿಯ ರಕ್ತಕ್ಕೆ ಒಳ್ಳೆಯದಲ್ಲ. ಮಧ್ಯಾಹ್ನ ಮೊಸರನ್ನ. ಬೇಸಿಗೆಯಲ್ಲಿ ರಾಗಿ ಅಂಬಲಿ.

ತಟ್ಟೆ ಇಡುವ ಕ್ರಮ ಮಾತ್ರ ಹೇಳಲೇಬೇಕು, ಏಕೆಂದರೆ ಅಲ್ಲೇ ನಾನು ಪಾಠ ಕಲಿತಿದ್ದು. ಚಿಗರಿ ಬಂದ ಹೊಸದರಲ್ಲಿ ಕಾಳಿಯ ತಟ್ಟೆ ಹತ್ತಿರ ಹೋದರೆ ಅವಳು ಗುರ್ ಅನ್ನುತ್ತಿದ್ದಳು. ನನಗೆ ಅವಮಾನ ಆದ ಹಾಗೆ. ಇಷ್ಟು ಒಳ್ಳೆಯವಳು, ಪುಟ್ಟ ಮರಿಗೆ ಗುರ್ ಅನ್ನುವುದಾ? 'ಛೀ ಕಾಳಿ, ತಪ್ಪು' ಅಂತ ಗದರಿಸುತ್ತಿದ್ದೆ. ಅವಳು ಗುರುಗುಟ್ಟುವುದು ನಿಲ್ಲಿಸಿದಳು. ಮೂರನೇ ವಾರ ಒಂದು ದಿನ ಯಾವ ಸದ್ದೂ ಇಲ್ಲದೆ ಅವನ ಕಿವಿ ಕಚ್ಚಿದಳು. ರಕ್ತ ಬಂತು.

ನಮ್ಮ ಡಾಕ್ಟರು ಕಿವಿಗೆ ಔಷಧಿ ಹಚ್ಚುತ್ತಾ ಕೇಳಿದರು: "ಮೊದಲು ಗುರ್ ಅಂತಿರಲಿಲ್ವಾ?" ಅಂತಿದ್ದಳು, ನಾನೇ ಬಿಡಿಸಿದೆ ಅಂದೆ. "ಅದೇ ತಪ್ಪಾಗಿದ್ದು ಮೇಡಂ. ಗುರ್ ಅನ್ನೋದು ಜಗಳ ಅಲ್ಲ, ಜಗಳ ಬೇಡ ಅನ್ನೋ ಮಾತು. ನೀವು ಬಾಯಿ ಮುಚ್ಚಿಸಿದರೆ ಅದಕ್ಕೆ ಉಳಿಯೋದು ಹಲ್ಲು ಒಂದೇ."

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಕಾಳಿಗೆ ಒಂದು ಭಾಷೆ ಇತ್ತು, ನಾಲ್ಕು ವರ್ಷ ಅದನ್ನು ಆಡೋಕೆ ಮನೆಯಲ್ಲಿ ಇನ್ನೊಂದು ನಾಯಿ ಇರಲಿಲ್ಲ. ಇನ್ನೊಂದು ಬಂದ ಮೇಲೆ ಅವಳು ಬಾಯಿ ತೆಗೆದರೆ, ನಾನು ನನ್ನ ಭಾಷೆಯ ಮರ್ಯಾದೆ ಇಟ್ಟುಕೊಂಡು ಅವಳನ್ನು ತಡೆದೆ. ಅವತ್ತಿನಿಂದ ತಟ್ಟೆಗಳು ಬೇರೆ ಬೇರೆ ಮೂಲೆಯಲ್ಲಿ, ಮೊದಲು ಕಾಳಿಗೆ, ಆಮೇಲೆ ಚಿಗರಿಗೆ. ಗುರ್ ಅಂದರೆ ಬೈಯುವುದಿಲ್ಲ, ಸುಮ್ನೆ ನೋಡುತ್ತೇನೆ, ಬೇಕಿದ್ದರೆ ಮಧ್ಯೆ ಹೋಗಿ ನಿಲ್ಲುತ್ತೇನೆ. ಮುಕ್ಕಾಲುಪಾಲು ಬೇಕಾಗುವುದೇ ಇಲ್ಲ. ಅವಳು ಒಂದು ಗುರ್ ಅನ್ನುತ್ತಾಳೆ, ಅವನು ಮುಖ ಆ ಕಡೆ ತಿರುಗಿಸಿ ತುಟಿ ನೆಕ್ಕಿಕೊಳ್ಳುತ್ತಾನೆ, ಮುಗಿಯಿತು.

ನೋಡುತ್ತಾ ನೋಡುತ್ತಾ ಎಷ್ಟೋ ಕಂಡವು. ಆಟಕ್ಕೆ ಕರೆಯುವಾಗ ಮುಂಗಾಲು ಚಾಚಿ ಎದೆ ನೆಲಕ್ಕೆ ತಂದು ಹಿಂಭಾಗ ಮೇಲೆತ್ತುವುದು. ಓಡುವಾಗ ಚಿಗರಿ ಬೇಕೆಂದೇ ನಿಧಾನ ಮಾಡಿ ಅವಳ ಕೈಗೆ ಸಿಗುವುದು. ಸಿಗದಿದ್ದರೆ ಅವಳು ಆಟ ಬಿಟ್ಟು ಹೋಗುತ್ತಾಳೆ ಅಂತ ಅವನಿಗೆ ಗೊತ್ತಾಗಿದೆ. ಪಕ್ಕದ ಬೇಲಿ ಹಾಕಿದ ಖಾಲಿ ಸೈಟಿನಲ್ಲಿ ಬಿಟ್ಟರೆ ಅವನು ಎರಡು ಸುತ್ತು ಪೂರ್ತಿ ವೇಗದಲ್ಲಿ ಓಡುತ್ತಾನೆ, ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ, ಸೊಟ್ಟಗಾಲು ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಮೂರನೇ ಸುತ್ತಿಗೆ ತಾನೇ ನಿಧಾನವಾಗುತ್ತಾನೆ. ಆಗ ಕಾಳಿ ಏಳುತ್ತಾಳೆ.

ಮಗಳು ರಜೆಗೆ ಬಂದಾಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಹೋಗಿದ್ದೆವು. ಅಲ್ಲಿ ಆತಕೂರಿನ ಕಲ್ಲಿದೆ. ಆತಕೂರು ನಮಗೆ ದೂರವಲ್ಲ, ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕು. ಸಾವಿರ ವರ್ಷಕ್ಕೂ ಹಿಂದಿನ ಕಲ್ಲು, ಸುಮಾರು 949-50ರದ್ದು. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಗಂಗ ದೊರೆ ಬೂತುಗನ ಕಡೆಯ ಮಣಲೆರ ಅನ್ನುವ ವೀರ ಚೆನ್ನಾಗಿ ಹೋರಾಡಿದ, ಮೆಚ್ಚಿದೆ, ಏನು ಬೇಕು ಕೇಳು ಅಂದರೆ ಅವನು ಒಂದು ನಾಯಿ ಕೇಳಿದ. ಆ ನಾಯಿಯ ಹೆಸರು ಕಾಳಿ. ಆಮೇಲೆ ಬೆಳತೂರಿನ ಗುಡ್ಡದಲ್ಲಿ ಅದನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಮಣಲೆರ ಕಲ್ಲು ನಿಲ್ಲಿಸಿದ, ಪೂಜೆಗೆ ಅಂತ ಭೂಮಿ ಬಿಟ್ಟ. ಪೂಜೆ ಮಾಡದೆ ಊಟ ಮಾಡಿದರೆ ಅಲ್ಲಿನ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ಪಾಪ ಅಂತಲೂ ಬರೆಸಿದ.

ಕಲ್ಲಿನ ಮೇಲೆ ಹಂದಿ, ನಾಯಿ ಎರಡೂ ಎದುರುಬದುರಾಗಿ ನಿಂತಿವೆ. ಮನುಷ್ಯರು ಯಾರೂ ಇಲ್ಲ. ನಮ್ಮ ಮನೆಯವಳಿಗೆ ಬಣ್ಣ ನೋಡಿ ಇಟ್ಟ ಹೆಸರೇ ಅಲ್ಲೂ ಇರುವುದು ಕಂಡು ನನಗೆ ಕಣ್ಣು ತುಂಬಿ ಬಂತು. ಜೊತೆಗೆ ಇನ್ನೊಂದು ಸಮಾಧಾನ. ಯುದ್ಧ ಗೆದ್ದು ಏನು ಬೇಕಾದರೂ ಕೇಳಬಹುದಾಗಿದ್ದಾಗ ನಾಯಿಯನ್ನೇ ಕೇಳಿದವನು, ಅದನ್ನು ಮಗಳಾಗಿ ಮಾಡಿ ನಿಲ್ಲಿಸಲಿಲ್ಲ. ಹಲ್ಲು, ಬಾಲ, ಸಿಟ್ಟು ಎಲ್ಲ ಇರುವ ನಾಯಿಯಾಗಿಯೇ ನಿಲ್ಲಿಸಿದ, ಅದಕ್ಕೆ ಪೂಜೆ ಮಾಡಿಸಿದ. 'ಅವು' ಅನ್ನುವ ಮಾತಿನ ಬಗ್ಗೆ ನನಗಿದ್ದ ನೋವು ಅಲ್ಲೇ ಕರಗಿತು ಅಂತ ಕಾಣುತ್ತದೆ.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಕಾಳಿ ಊಟ ಬಿಟ್ಟಳು. ಮೊದಲ ದಿನ ಹೊಟ್ಟೆ ಕೆಟ್ಟಿರಬೇಕು ಅಂದುಕೊಂಡೆವು. ಎರಡನೇ ದಿನ ಬೆಳಗ್ಗೆ ಪಡಸಾಲೆಯ ಬಿಳಿ ಟೈಲ್ಸ್ ಮೇಲೆ ಒಂದು ಕೆಂಪು ಹನಿ, ಒಂದು ಮೊಳ ಆಚೆ ಇನ್ನೊಂದು. ಮೂಗಿನಿಂದ ರಕ್ತ. ತುಟಿ ಎತ್ತಿ ನೋಡಿದರೆ ವಸಡು ಸುಣ್ಣದ ಹಾಗೆ. ಜ್ವರ 104. ಉಣ್ಣೆ ಜ್ವರ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 38 ಸಾವಿರ ಬಂತು, ಆರೋಗ್ಯವಾಗಿರುವ ನಾಯಿಗೆ ಎರಡು ಲಕ್ಷದ ಮೇಲಿರಬೇಕು. ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ, ಒಂದು ದಿನವೂ ತಪ್ಪಬಾರದು, ಬರೀ ಹೊಟ್ಟೆಗೆ ಕೊಡಬಾರದು. ಊಟವೇ ಮಾಡದವಳಿಗೆ ಹೊಟ್ಟೆಗೆ ಏನು ಹಾಕುವುದು? ಅತ್ತೆ ಅವಳ ತಲೆ ತೊಡೆ ಮೇಲೆ ಇಟ್ಟುಕೊಂಡು ಮೊಸರನ್ನ ಕಿವುಚಿ ಬೆರಳಲ್ಲಿ ಒಂದೊಂದೇ ತುತ್ತು ಬಾಯಿಗೆ ಸವರುತ್ತಿದ್ದರು. ಪಡಸಾಲೆಯಲ್ಲಲ್ಲ, ಅಡುಗೆಮನೆಯಲ್ಲಿ, ಒಲೆಯ ಕಟ್ಟೆ ಕೆಳಗೆ ಬೆಚ್ಚಗಿರುತ್ತದೆ ಅಂತ. ಯಾರೂ ಏನೂ ಕೇಳಲಿಲ್ಲ.

ಆ ಉಣ್ಣೆ ತನ್ನ ಆಯಸ್ಸಿನ ಬಹುಪಾಲು ನಾಯಿಯ ಮೈ ಮೇಲೆ ಕಳೆಯುವುದಿಲ್ಲ. ರಕ್ತ ಕುಡಿದು ಇಳಿದು ಗೋಡೆಯ ಬಿರುಕಿನಲ್ಲಿ, ಕಿಟಕಿಯ ಚೌಕಟ್ಟಿನ ಸಂದಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನಮ್ಮವರು ರಾತ್ರಿ ಟಾರ್ಚ್ ಹಿಡಿದು ಮನೆಯ ಒಂದೊಂದು ಬಿರುಕನ್ನೂ ನೋಡಿ ಬಿಳಿ ಸಿಮೆಂಟ್ ತುಂಬಿದರು. ಚಿಗರಿಗೂ ಪರೀಕ್ಷೆ ಮಾಡಿಸಿದೆವು, ಅವನಿಗೆ ಇರಲಿಲ್ಲ.

ಕಾಳಿಯನ್ನು ಡ್ರಿಪ್ ಹಾಕಿಸಿ ಮನೆಗೆ ತಂದ ಸಂಜೆ ಚಿಗರಿ ಬಂದು ಅವಳನ್ನು ಮೂಗಿನಿಂದ ಬಾಲದವರೆಗೆ ಮೂಸಿದ. ಬ್ಯಾಂಡೇಜ್ ಕಟ್ಟಿದ ಕಾಲಿನ ಹತ್ತಿರ ತುಂಬ ಹೊತ್ತು ನಿಂತ. ಆಮೇಲೆ ಹೋಗಿ ತನ್ನ ರಗ್ಗಿನ ಮೇಲೆ ಮಲಗಿದ. ಪಕ್ಕದಲ್ಲಿ ಕೂರಲಿಲ್ಲ, ನೆಕ್ಕಲಿಲ್ಲ. ಮೊದಲಿನ ನಾನಾಗಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದೆ. ಈಗ ನೋಡೋಕೆ ಕಲಿತಿದ್ದೆ, ನೋಡಿದೆ. ಅವನು ಹಿತ್ತಲಿಗೆ ಹೋಗುವಾಗ ಅವಳನ್ನು ಹಾರಿ ಹೋಗುವವನು, ಈಗ ಗೋಡೆಗೆ ಮೈ ಉಜ್ಜಿಕೊಂಡು ಸುತ್ತಿ ಹೋಗುತ್ತಿದ್ದ. ಬೆಳಗಿನ ವಾಕಿಂಗಿನಲ್ಲಿ ಅವಳು ನಿಲ್ಲುತ್ತಿದ್ದ ಕಂಬಗಳ ಹತ್ತಿರ ತಾನೇ ನಿಂತು, ಬೆನ್ನು ಹಾಕಿ ರಸ್ತೆ ನೋಡಿ, ಸ್ವಲ್ಪ ಹೊತ್ತಿಗೆ ನಡೆಯುತ್ತಿದ್ದ. ಎಡಗೈ ಖಾಲಿ. ಕಾಳಿಯ ಚಾಪೆ ಪಡಸಾಲೆಯಲ್ಲಿ ಹಾಗೇ ಇತ್ತು, ಅವನು ಅದರ ಮೇಲೆ ಕಾಲಿಡಲಿಲ್ಲ.

ಹನ್ನೆರಡನೇ ದಿನವೋ ಹದಿಮೂರನೇ ದಿನವೋ ಇರಬೇಕು, ಮಧ್ಯಾಹ್ನ ತುಂತುರು ಮಳೆ, ನೆಲ ತಣ್ಣಗಿತ್ತು. ಚಿಗರಿ ಎದ್ದು ಹೋಗಿ ಮೊದಲ ಸಲ ಆ ಚಾಪೆಯ ಮೇಲೆ ಮಲಗಿದ. ನಾನು ಬಟ್ಟೆ ಮಡಚುತ್ತಾ ಕೂತಿದ್ದೆ. ಅಡುಗೆಮನೆಯಿಂದ ಉಗುರಿನ ಸದ್ದು ಕೇಳಿತು, ಟಕ್, ಟಕ್, ನಿಧಾನವಾಗಿ. ಕಾಳಿ ಹೊಸ್ತಿಲು ದಾಟಿ ಬಂದಳು. ಕಾಲು ಇನ್ನೂ ನಡುಗುತ್ತಿತ್ತು. ಚಾಪೆಯ ಹತ್ತಿರ ನಿಂತಳು, ಅವನನ್ನು ನೋಡಿದಳು, ಎದೆಯ ಆಳದಿಂದ ಒಂದು ಗುರ್ ತೆಗೆದಳು. ಸಣ್ಣದು, ಆದರೆ ಪೂರ್ತಿ.

ಅವನು ಮುಖ ಆ ಕಡೆ ತಿರುಗಿಸಿದ, ತುಟಿ ನೆಕ್ಕಿಕೊಂಡ, ಎದ್ದು ತನ್ನ ರಗ್ಗಿಗೆ ಹೋದ. ಅವಳು ಮೂರು ಸುತ್ತು ಸುತ್ತಿ ಮಲಗಿದಳು.

ಒಳಗಿನಿಂದ ಅತ್ತೆ "ಏನಂತಾವ ಅವು?" ಅಂತ ಕೇಳಿದರು. ನನಗೆ ಗಂಟಲು ಕಟ್ಟಿತ್ತು. "ಮಾತಾಡ್ತಿವೆ ಅತ್ತೆ" ಅಂದೆ.